ಬಾಡಿಗೆ ಮನೆ ಕೇಳಿಕೊಂಡು ಬಂದವನು ಮತ್ತು ಅತ್ತೆಯ ಮುನ್ಸೀಫ್ ಕೆಲಸ

ನಿಮ್ಮ ಬೀದಿಗೆ ಯಾವತ್ತಾದರೂ ಗೊತ್ತಿಲ್ಲದವನೊಬ್ಬ ಬಂದು, ಬಾಡಿಗೆ ಮನೆ ಇದೆಯಾ ಅಂತ ಕೇಳಿ, ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು, ಆಮೇಲೆ ಮೆಲ್ಲಗೆ ನಿಮ್ಮ ಮನೆಯ ಹುಡುಗಿಯ ಬಗ್ಗೆ ವಿಚಾರಿಸಿಕೊಂಡು ಹೋಗಿದ್ದುಂಟಾ? ಉಂಟು ಅನ್ನುವವರಿಗೆ ನಾನು ಹೇಳುವ ಸಂಗತಿ ಅರ್ಧ ಆಗಲೇ ಗೊತ್ತು. ಉಳಿದವರಿಗೆ ಮೊದಲು ಆ ಪದ್ಧತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಅಜ್ಜಿ ಮಾಡಿದ ಎಡವಟ್ಟು ನಿಮಗೆ ಅರ್ಥವಾಗುವುದಿಲ್ಲ.

ಅರವತ್ತರ ದಶಕದ ಜಯನಗರ. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಗಂಡಿನ ಕಡೆಯವರು ಹೆಣ್ಣು ನೋಡಲು ಬರುವುದಕ್ಕೆ ಮುಂಚೆ ಯಾರೋ ದೂರದ ನೆಂಟನನ್ನು ಬೀದಿಗೆ ಕಳಿಸುತ್ತಿದ್ದರು. ಅವನು ತಾನು ಯಾರು, ಯಾಕೆ ಬಂದೆ ಅಂತ ಹೇಳುವ ಹಾಗಿಲ್ಲ. ನಾವೂ ಕೇಳುವ ಹಾಗಿಲ್ಲ. ಬಾಡಿಗೆ ಮನೆಯ ನೆಪ ಹೇಳುತ್ತಾನೆ, ನಾವು ನಂಬಿದ ಹಾಗೆ ಮಾಡುತ್ತೇವೆ. ಆಮೇಲೆ ಅವನು ಹುಡುಗಿಯ ಸ್ವಭಾವ ಕೇಳುತ್ತಾನೆ, ನಾವು ಹೇಳುತ್ತೇವೆ. ನಮ್ಮ ಬೀದಿಯ ಹೆಂಗಸರಲ್ಲಿ ಇದಕ್ಕೆ ಬಾಯಿಮಾತಿನ ಒಪ್ಪಂದವೇ ಇತ್ತು. ಯಾರ ಮನೆಯ ಹುಡುಗಿಯ ಬಗ್ಗೆ ಕೇಳಿದರೂ ಉತ್ತರ ಒಂದೇ. ಮೆತ್ತಗಿನ ಹುಡುಗಿ, ಎದುರು ಮಾತಾಡುವುದಿಲ್ಲ, ಹೇಳಿದ ಹಾಗೆ ಕೇಳುತ್ತಾಳೆ. ತಂಗಿಯ ತಲೆಗೆ ಚೊಂಬು ಎಸೆದ ಹುಡುಗಿಯೊಬ್ಬಳು ನಮ್ಮ ಬೀದಿಯಲ್ಲಿದ್ದಳು. ಅವಳೂ ಮೆತ್ತಗಿನ ಹುಡುಗಿಯೇ. ಆ ಒಪ್ಪಂದದ ಮೇಲೆ ಎಷ್ಟೋ ಮದುವೆಗಳು ನಡೆದವು, ಸುಳ್ಳು ಅಂತ ಯಾರೂ ಕೋರ್ಟಿಗೆ ಹೋಗಲಿಲ್ಲ.

ಕೋರ್ಟಿನ ಮಾತು ಬಂತು, ಅತ್ತೆಯ ವಿಷಯಕ್ಕೆ ಬರುತ್ತೇನೆ.

ನಮ್ಮ ಮೂಲ ಚಿಕ್ಕಲಸಂದ್ರ. ಆಗ ಅದು ಹಳ್ಳಿ, ನಮ್ಮದು ರಾಗಿ ಬೆಳೆಯುವ ಮನೆ. ಅಪ್ಪ ಹೊಲ ಬಿಟ್ಟು ಜಯನಗರದ ಹೊಸ ಮನೆಗಳಿಗೆ ಮರಳು, ಇಟ್ಟಿಗೆ ಹೊಡೆಸುವ ಕೆಲಸಕ್ಕೆ ಇಳಿದಿದ್ದರಿಂದ ನಾವೆಲ್ಲ ಇಲ್ಲಿಗೆ ಬಂದೆವು. ಅತ್ತೆ ಅಂದರೆ ಅಪ್ಪನ ತಂಗಿ. ನಮ್ಮ ವಂಶದಲ್ಲಿ ಹೈಸ್ಕೂಲು ದಾಟಿದ ಮೊದಲ ಹೆಂಗಸು. ದಾಟಿದವಳು ನಿಲ್ಲಲಿಲ್ಲ, ಲಾ ಓದಿ ಕರಿಕೋಟು ಹಾಕಿಕೊಂಡಳು. ಆ ಕೋಟು ಹೊಲಿದ ದರ್ಜಿಗೆ ಗಂಡಸರ ಕೋಟು ಮಾತ್ರ ಹೊಲಿಯಲು ಬರುತ್ತಿತ್ತು. ಹಾಗಾಗಿ ಭುಜ ಯಾರದೋ, ತೋಳು ಅತ್ತೆಯದು ಅನ್ನುವ ಹಾಗೆ ಕಾಣುತ್ತಿತ್ತು.

ಅವಳು ವಕೀಲೆಯಾಗಿದ್ದಕ್ಕೆ ಕಾರಣ ಅಜ್ಜಿ. ತಾತ ತೀರಿಕೊಂಡ ಮೇಲೆ ಹೊಲದ ಬದುವಿನ ವಿಷಯಕ್ಕೆ ಪಕ್ಕದ ಹೊಲದವರ ಜೊತೆ ವ್ಯಾಜ್ಯ ನಡೆಯಿತು. ಅಜ್ಜಿ ಸಾಕ್ಷಿ ಕಟ್ಟೆ ಹತ್ತಬೇಕಾಯಿತು. ನೀವು ಈ ಮನೆಗೆ ಸೊಸೆಯಾಗಿ ಬಂದು ಎಷ್ಟು ವರ್ಷವಾಯಿತು ಅಂತ ಎದುರು ಪಾರ್ಟಿ ವಕೀಲರು ಕೇಳಿದರು. ಅಜ್ಜಿ, ನಮ್ಮ ಕೆರೆ ಕೋಡಿ ಬಿದ್ದ ವರ್ಷ ಬಂದೆ ಅಂದಳು. ವಕೀಲರು ಕೋರ್ಟ್ ಹಾಲ್ ಕಡೆ ತಿರುಗಿ, ಕೆರೆಗೆ ಸಮನ್ಸ್ ಕಳಿಸೋಣ ಅಂದರು. ಕೋರ್ಟಿಗೆ ಕೋರ್ಟೇ ನಕ್ಕಿತು. ಕೇಸು ನಾವೇ ಗೆದ್ದೆವು. ಆದರೂ ಅಜ್ಜಿ ಆಮೇಲೆ ಕೋರ್ಟಿನ ಕಡೆ ತಲೆ ಹಾಕಲಿಲ್ಲ. ಆಗ ಸ್ಕೂಲಿನಲ್ಲಿದ್ದ ಅತ್ತೆ ಅವತ್ತು ಹಿಂದಿನ ಬೆಂಚಿನಲ್ಲಿ ಕೂತಿದ್ದಳಂತೆ. ಒಮ್ಮೆ ನನಗೆ ಹೇಳಿದ್ದಳು.

"ಆ ನಗೋದನ್ನ ನಿಲ್ಸೋಕೆ ಹಾಲ್‌ನಲ್ಲಿ ಒಬ್ರಿಗೇ ಅಧಿಕಾರ ಇದ್ದಿದ್ದು ಕಣೇ. ಅವ್ರೇ ನಗ್ತಾ ಇದ್ರು."

ಅವಳಿಗೆ ಬೇಕಾಗಿದ್ದದ್ದು ಜಡ್ಜಿನ ಆ ಕುರ್ಚಿ. ಅದನ್ನು ಅವಳು ಯಾರ ಹತ್ತಿರವೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಆಗಿನ ಕೋರ್ಟುಗಳ ವಿಷಯ ನೇರವಾಗಿ ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಕರಿಕೋಟಿನವರಲ್ಲಿ ಬಹಳಷ್ಟು ಮಂದಿ ಕೆಲವೇ ಬೀದಿಗಳಿಂದ ಬಂದವರು. ಅಪ್ಪ ವಕೀಲ, ಮಾವ ವಕೀಲ, ಹಾಗಾಗಿ ಮಗನೂ ವಕೀಲ. ಹೊಲದ ಕಡೆಯಿಂದ ಬಂದವರು ಸಾಮಾನ್ಯವಾಗಿ ಕಕ್ಷಿದಾರರು. ಹೆಂಗಸರಂತೂ ಹುಡುಕಿದರೆ ಅಲ್ಲೊಬ್ಬರು ಇಲ್ಲೊಬ್ಬರು. ಅತ್ತೆ ಸೌತ್ ಎಂಡ್ ಸರ್ಕಲ್ ಕಡೆ ಒಬ್ಬ ಹಿರಿಯ ವಕೀಲರ ಹತ್ತಿರ ಜೂನಿಯರ್ ಆಗಿದ್ದಳು. ಮನೆಯಲ್ಲಿ ನಾವು ಅವರನ್ನು ಸೀನಿಯರ್ ಅಂತಲೇ ಕರೆಯುತ್ತಿದ್ದೆವು. ಒಳ್ಳೆಯ ಮನುಷ್ಯ, ಕೆಲಸ ಚೆನ್ನಾಗಿ ಕಲಿಸಿದರು. ಮುಖ್ಯ ವಾದ ಮಾತ್ರ ಅವಳ ಕೈಗೆ ಬರುತ್ತಿರಲಿಲ್ಲ. ಹೆಂಗಸು ವಾದ ಮಾಡಿದರೆ ಕೇಸು ನಿಲ್ಲುತ್ತದಾ ಅಂತ ಕಕ್ಷಿದಾರರು ಕೇಳುತ್ತಿದ್ದರು, ಅವರು ಸುಮ್ಮನಾಗುತ್ತಿದ್ದರು.

ಮುನ್ಸೀಫ್ ಅಂದರೆ ಜಡ್ಜುಗಳಲ್ಲಿ ಮೊದಲ ಮೆಟ್ಟಿಲು, ತಾಲ್ಲೂಕಿನ ಕೋರ್ಟಿನಲ್ಲಿ ಕೂರುವವರು. ಕೆಲವು ವರ್ಷ ವಕೀಲಿ ಮಾಡಿದವರು ಅರ್ಜಿ ಹಾಕಬೇಕು, ಪರೀಕ್ಷೆ ಬರೆಯಬೇಕು, ಆಮೇಲೆ ಸಂದರ್ಶನ. ವಯಸ್ಸಿನ ಮಿತಿ ಬೇರೆ. ಅತ್ತೆಗೆ ಅದೇ ಕೊನೆಯ ಅವಕಾಶ. ಆ ಸಲ ತಪ್ಪಿದರೆ ಜೀವನಪೂರ್ತಿ ಆ ಕುರ್ಚಿಯ ಎದುರು ನಿಂತು ವಾಯಿದೆ ಕೇಳುವುದೇ ಗತಿ. ಪರೀಕ್ಷೆ ಪಾಸಾಗಿದ್ದಳು, ಸಂದರ್ಶನಕ್ಕೆ ಕಾಯುತ್ತಿದ್ದಳು. ಪರೀಕ್ಷೆಗೂ ಸಂದರ್ಶನಕ್ಕೂ ನಡುವೆ ಅರ್ಜಿದಾರರ ನಡತೆಯ ಬಗ್ಗೆ ಗುಟ್ಟಾಗಿ ವಿಚಾರಣೆ ನಡೆಯುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ನಾವೆಲ್ಲ ಹೇಳಿಕೊಟ್ಟ ಮಾತು ಆಡುತ್ತೇವೆ, ಅದು ಸರಿಯಲ್ಲ ಅಂತ ಅವಳ ಲೆಕ್ಕ. ಅಷ್ಟು ನಿಯತ್ತು.

ಅವರೆಕಾಯಿಯ ಕಾಲ. ಊರಿಂದ ಮೂಟೆ ಬಂದರೆ ನಮ್ಮ ಜಗಲಿಯಲ್ಲಿ ಬೀದಿಯ ಹೆಂಗಸರು ಸೇರಿ ನೆನೆಸಿದ ಕಾಳು ಹಿತುಕುವುದು ರೂಢಿ. ಅವತ್ತೂ ಅಜ್ಜಿ, ನಾನು, ಎದುರು ಮನೆಯಾಕೆ, ಇನ್ನಿಬ್ಬರು ಕೂತಿದ್ದೆವು. ಎದುರು ಮನೆಯವರು ಹುಬ್ಬಳ್ಳಿ ಕಡೆಯ ಲಿಂಗಾಯತರು. ರಾಜ್ಯ ಒಂದಾದ ಮೇಲೆ ಯಜಮಾನರಿಗೆ ಇಲ್ಲಿ ಸರ್ಕಾರಿ ಕೆಲಸವಾಗಿ ಬಂದವರು. ಆಕೆಗೆ ನಮ್ಮ ಅಜ್ಜಿ ಅಂದರೆ ಪ್ರಾಣ.

ಒಬ್ಬ ಬಂದ. ಬಿಳಿ ಷರ್ಟು, ಬಿಳಿ ಪಂಚೆ, ಕೆಳಗೆ ಮಿರಿಮಿರಿ ಪಾಲಿಷ್ ಮಾಡಿದ ಕಂದು ಬೂಟು.

"ಇಲ್ಲೆಲ್ಲಾದ್ರೂ ಬಾಡಿಗೆಗೆ ಮನೆ ಇದೆಯಾ ತಾಯಿ?"

ಹೆಂಗಸರು ಮುಖ ಮುಖ ನೋಡಿಕೊಂಡರು. ಅಜ್ಜಿ ಸೆರಗು ಸರಿಮಾಡಿಕೊಂಡಳು.

"ಇದ್ರೂ ಇರ್ಬೋದು. ಬನ್ನಿ, ಕುಂತ್ಕಳಿ. ಮಜ್ಗೆ ಕುಡೀರಿ."

ಅವನು ಕೂತ. ಮಜ್ಜಿಗೆ ಕುಡಿದ. ಪಕ್ಕದ ಖಾಲಿ ಸೈಟಿನ ಮರಳಿನ ರಾಶಿ ನೋಡಿದ, ಬಿಸಿಲಿನ ಬಗ್ಗೆ ಒಂದು ಮಾತಾಡಿದ. ಎಲ್ಲ ಪದ್ಧತಿಯ ಪ್ರಕಾರವೇ.

"ಈ ಮನೇಲಿ ಲಾಯರಮ್ಮ ಒಬ್ರು ಇದಾರಂತೆ?"

"ಅವ್ಳೇ ನನ್ ಮಗ್ಳು."

"ಕೋರ್ಟು ಗೀರ್ಟು ಅಂತ ಓಡಾಟ ಜಾಸ್ತಿ ಇರ್ಬೇಕಲ್ಲ."

"ಎಂಥ ಓಡಾಟ ಸ್ವಾಮಿ. ಮನೇಲಿ ಕುಂತು ಬೇಜಾರು ಅಂತ ಹೋಯ್ತಾಳೆ. ಮದ್ವೆ ಆಗೋಗಂಟ ಅಷ್ಟೇಯ. ತಾಳಿ ಬಿದ್ದ ದಿನ್ವೇ ಆ ಕರಿಕೋಟ್ನ ಗೂಟಕ್ಕೆ ಹಾಕ್ತಾಳೆ."

"ಸ್ವಭಾವ ಹೇಗೆ? ಸಿಟ್ಟು ಗಿಟ್ಟು?"

ಎದುರು ಮನೆಯಾಕೆ ಬಿಡುತ್ತಾರೆಯೇ. "ಸಿಟ್ಟು? ಆಕಿ ಬಾಯಾಗ ನಾಲಿಗಿ ಐತೋ ಇಲ್ಲೋ ಅಂತ ನಮಗ ಇನ್ನೂ ಗೊತ್ತಾಗಿಲ್ರಿ. ಎದುರು ಮನ್ಯಾಗ ಅದೀವಿ, ಆಕಿ ದನಿ ಅನ್ನೂದು ಒಂದ್ ದಿನಾ ಕೇಳಿಲ್ಲ."

ಹಿಂದಿನ ಭಾನುವಾರವಷ್ಟೇ ಚರಂಡಿ ನೀರಿನ ವಿಷಯಕ್ಕೆ ಅತ್ತೆ ಇದೇ ಆಕೆಯ ಯಜಮಾನರ ಜೊತೆ ದನಿ ಏರಿಸದೆ, ಬಿಡದೆ ವಾದ ಮಾಡಿ, ಅವರ ಪೈಪಿನ ದಿಕ್ಕು ಬದಲಾಯಿಸಿದ್ದಳು. ಆಕೆ ಅದನ್ನು ನೆನಪಿಸಿಕೊಳ್ಳಲಿಲ್ಲ. ಒಪ್ಪಂದ ಅಂದರೆ ಒಪ್ಪಂದ.

"ಹೇಳಿದ್ ಮಾತು ಕೇಳ್ತಾರಾ?"

"ಕೂರು ಅಂದ್ರೆ ಕೂರ್ತಾಳೆ, ಏಳು ಅಂದ್ರೆ ಏಳ್ತಾಳೆ," ಅಂದಳು ಅಜ್ಜಿ. "ಸ್ವಂತ ಬುದ್ಧಿ ಅಂತ ಒಂದಿನ ಓಡ್ಸಿದೋಳಲ್ಲ."

ಯಾವುದಾದರೂ ಪಾರ್ಟಿಯ ಸಭೆಗೆ ಹೋಗುತ್ತಾಳಾ ಅಂತಲೂ ಅವನು ಕೇಳಿದ. ಗಂಡಿನ ಕಡೆಯವರು ಈಗೀಗ ಏನೇನೋ ಕೇಳುತ್ತಾರೆ ಅಂದುಕೊಂಡು ಅಜ್ಜಿ, ಪೂಜೆಗೆ ಬಿಟ್ಟರೆ ಎಲ್ಲಿಗೂ ಇಲ್ಲ ಅಂದಳು. ಅವನು ಇನ್ನೊಂದು ಲೋಟ ಮಜ್ಜಿಗೆ ಕುಡಿದು, ಬಾಡಿಗೆ ಮನೆಯ ಮಾತೇ ಎತ್ತದೆ ಎದ್ದು ಹೋದ.

"ಬೂಟ್ ನೋಡಿದ್ರಾ?" ಅಂದಳು ಅಜ್ಜಿ. "ಮಿಲ್ಟ್ರಿ ಸಂಬಂಧ."

"ಹುಡುಗ ಕ್ಯಾಪ್ಟನ್ ಇರಬೇಕು ನೋಡ್ರಿ," ಅಂದರು ಎದುರು ಮನೆಯಾಕೆ. ಆ ಸಂತೋಷಕ್ಕೆ ಉಳಿದ ಕಾಳೆಲ್ಲ ಬೇಗ ಮುಗಿಯಿತು.

ಸಂಜೆ ಹಿತಕಿದ ಬೇಳೆ ಸಾರು, ಮುದ್ದೆ. ಅಪ್ಪ ಮೊದಲ ತುತ್ತು ಮುರಿಯುತ್ತಾ ಹೇಳಿದರು.

"ಅವ್ವಾ, ನಮ್ ಮರಳಿನ ಜಾಗಕ್ಕೆ ಪೊಲೀಸ್ನೋನು ಒಬ್ಬ ಬಂದಿದ್ದ. ಮಫ್ತಿಯಲ್ಲಿ. ತಂಗಿ ವಿಚಾರ್ಣೆ. ಮುನ್ಸೀಫ್ ಕೆಲ್ಸಕ್ಕೆ ಹಿಂಗೆ ಎಲ್ರನ್ನೂ ವಿಚಾರಿಸ್ತಾರಂತೆ. ಕೇಸು ಗೀಸು ಏನೂ ಇಲ್ಲ ಅಂತ ಹೇಳ್ದೆ. ಬೀದೀಲಿ ಆಗ್ಲೇ ಕೇಳ್ಕೊಂಡ್ ಬಂದೆ ಅಂದ."

ಅಜ್ಜಿಯ ಕೈಯಲ್ಲಿದ್ದ ಸೌಟು ನಿಂತಿತು. "ಹೆಂಗಿದ್ದ ಅವ್ನು?"

"ಪಂಚೆ ಉಟ್ಟಿದ್ದ. ಬೂಟ್ ಮಾತ್ರ ಡ್ಯೂಟಿದು, ಕಂದು ಬೂಟು."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಏನೋ ಆಗಿದೆ ಅಂತ ಅತ್ತೆಗೆ ತಕ್ಷಣ ಗೊತ್ತಾಯಿತು. ನನ್ನ ಕಡೆ ತಿರುಗಿದಳು, ನಾನು ಜಗಲಿಯಲ್ಲಿ ನಡೆದ ಮಾತನ್ನೆಲ್ಲ ಹೇಳಿಬಿಟ್ಟೆ. ಕೈ ತೊಳೆದುಕೊಂಡು ಬಂದು ಅಜ್ಜಿಯ ಎದುರು ಕೂತಳು. ಕೋರ್ಟಿನಲ್ಲಿ ಮಾಡುವ ಹಾಗೆಯೇ ಒಂದೊಂದಾಗಿ ಕೇಳಿದಳು.

"ಕೆಲಸ ಬಿಡ್ತಾಳೆ ಅಂದ್ಯಾ?"

"ಅಂದೆ."

"ಕೋಟು ಗೂಟಕ್ಕೆ ಹಾಕ್ತಾಳೆ ಅಂತ?"

"ಅಂದೆ."

"ಸ್ವಂತ ಬುದ್ಧಿ ಓಡ್ಸಲ್ಲ ಅಂತ್ಲೂ ಅಂದ್ಯಾ?"

"ಅದ್ನೂ ಅಂದೆ ಕಣವ್ವ."

ಅಪ್ಪನಿಗೆ ನಗು ಬಂತು. ಅತ್ತೆಯ ಮುಖ ನೋಡಿ ನುಂಗಿಕೊಂಡರು. ಗಂಡಿನ ಕಡೆಯವರ ಮುಂದೆ ಚಿನ್ನದಂಥ ಮಾತುಗಳು. ಜಡ್ಜ್ ಆಗುವವಳ ಬಗ್ಗೆ ಇದಕ್ಕಿಂತ ಕೆಟ್ಟ ಮಾತು ಬೇಕೆಂದು ಕೂತು ಯೋಚಿಸಿದರೂ ಸಿಗುತ್ತಿರಲಿಲ್ಲ.

"ನೀನು ಅದನ್ನೆಲ್ಲ ನಿಜ ಅಂತ ನಂಬಿದ್ಯಾ ಅವ್ವ?" ಅಂತ ಅತ್ತೆ ಕೇಳಿದಳು.

ಅಜ್ಜಿ ಸೌಟು ಕೆಳಗಿಟ್ಟಳು. "ನಿಂಗೊಂದು ಮದ್ವೆ ಆಗ್ಲಿ ಅಂತಿತ್ತು. ನಿಜ ಯಾವ್ದು ಅಂತ ನಾನು ಯೋಚ್ನೆ ಮಾಡ್ಲಿಲ್ಲ." ಆಮೇಲೆ ಎದ್ದು ನಿಂತಳು. "ನಾಳೆ ಪೊಲೀಸ್ ಸ್ಟೇಷನ್‌ಗೆ ಹೋಯ್ತೀನಿ. ನನ್ ಮಗ್ಳು ಒಳ್ಳೇಳಲ್ಲ, ಬಲು ಜೋರು, ಯಾರ್ ಮಾತೂ ಕೇಳಲ್ಲ, ಹಂಗೇ ಬರ್ಕಳಿ ಅಂತೀನಿ. ಎದ್ರು ಮನೆಯೋಳ್ನೂ ಕರ್ಕೊಂಡ್ ಹೋಗಿ ಹೇಳ್ಸ್ತೀನಿ."

"ಎಲ್ಲಿಗೂ ಹೋಗ್ಬೇಡ. ಅರ್ಜಿ ಹಾಕ್ದೋರ ಕಡೆಯೋರು ಯಾರನ್ನೇ ಹೋಗಿ ನೋಡಿದ್ರೂ ಅದು ಶಿಫಾರಸು ಆಗುತ್ತೆ. ಅಲ್ಲಿಗೆ ನನ್ನ ಕಥೆ ಮುಗೀತು. ಅವರೆಕಾಯಿ ಮೂಟೆ ಹೊರ್ಸ್ಕೊಂಡು ಯಾವ ಸಾಹೇಬ್ರ ಮನೆಗೂ ಹೋಗ್ಬೇಡ."

ಅಜ್ಜಿ ಮೂಟೆಯ ಕಡೆ ನೋಡಿದಳು. ಅವಳ ಮನಸ್ಸಿನಲ್ಲಿ ಇದ್ದದ್ದೇ ಅದು. ನಮ್ಮ ಊರಿನಲ್ಲಿ ದೊಡ್ಡವರನ್ನು ಬರಿಗೈಯಲ್ಲಿ ನೋಡುವುದು ಮರ್ಯಾದೆಯಲ್ಲ. ಲಂಚ ಅನ್ನುವ ಯೋಚನೆಯೇ ಅದರಲ್ಲಿ ಇರುತ್ತಿರಲಿಲ್ಲ. ಅದು ಬೇರೆ ಲೋಕ, ಇದು ಬೇರೆ ಲೋಕ. ಅತ್ತೆ ಮಾತ್ರ ಎರಡರಲ್ಲೂ ಬದುಕುತ್ತಿದ್ದಳು.

ಸ್ಟೇಷನ್‌ಗೆ ಅಜ್ಜಿ ಹೋಗಲಿಲ್ಲ, ಅತ್ತೆಯ ಮಾತಿಗೆ ಅಷ್ಟು ಬೆಲೆ ಕೊಟ್ಟಳು. ಆದರೆ ಎರಡು ದಿನ ಬಿಟ್ಟು, ಅತ್ತೆ ಕೋರ್ಟಿಗೆ ಹೋಗಿದ್ದ ಹೊತ್ತಿನಲ್ಲಿ, ನನ್ನ ಕೈ ಹಿಡಿದುಕೊಂಡು ಸೀನಿಯರ್ ಮನೆಗೆ ಹೊರಟಳು. ಅವರು ಜಡ್ಜಲ್ಲವಲ್ಲ, ವಕೀಲರು ತಾನೆ ಅನ್ನುವುದು ಅವಳ ವಾದ. ಬರಿಗೈಯಲ್ಲೇ ಹೋದಳು. ದಾರಿಯುದ್ದಕ್ಕೂ ಆ ಖಾಲಿ ಕೈ ಎಲ್ಲಿಡಬೇಕೋ ಅವಳಿಗೆ ಗೊತ್ತಾಗಲಿಲ್ಲ.

ಸೀನಿಯರ್‌ಗೆ ಅವತ್ತು ಕೆಮ್ಮು, ಕೋರ್ಟಿಗೆ ಹೋಗಿರಲಿಲ್ಲ. ಅಜ್ಜಿ ನಡೆದಿದ್ದನ್ನೆಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಸುಳ್ಳು ಹೇಳ್ಬುಟ್ಟೆ ಸ್ವಾಮಿ. ತಿದ್ದೋಕಾಗಲ್ವಾ?"

"ಈಗ ಮುಟ್ಟಬಾರದಮ್ಮ. ಅವಳು ಹೇಳಿದ್ದೇ ಸರಿ," ಅಂದರು ಅವರು. "ನಿಮ್ಮನ್ನ ಬೈಯೋದಕ್ಕೂ ಆಗಲ್ಲ. ಹೆಣ್ಣು ಹುಡುಗೀನ ಹೊಗಳೋಕೆ ನಮಗೆಲ್ಲ ಬರೋದು ಅದೊಂದೇ ರೀತಿ. ಜಡ್ಜ್ ಆಗೋ ಹೆಣ್ಣನ್ನ ಹೇಗೆ ಹೊಗಳಬೇಕು ಅಂತ ಯಾರಿಗೆ ಅಭ್ಯಾಸ ಇದೆ?"

"ಗಂಡುಡುಗ್ರನ್ನೂ ಹಿಂಗೇ ವಿಚಾರಿಸ್ತಾರಾ?"

"ನನ್ನ ಇನ್ನೊಬ್ಬ ಜೂನಿಯರ್ ಅರ್ಜಿ ಹಾಕಿದಾನೆ. ಅವನ ಬೀದಿಯವರು ಅವನನ್ನ ಹುಲಿ ಅಂದಿದಾರೆ. ಇಲ್ಲಿ ಒಂದು ವಾಯಿದೆ ಕೇಳೋಕೂ ನಡುಗುತ್ತೆ ಆ ಹುಲಿ."

ಅಜ್ಜಿ ನಗಲಿಲ್ಲ. "ಮೇಲ್ಗಡೆ ದೊಡ್ ಜಡ್ಜ್‌ಗಳು ಇರ್ತಾರಲ್ಲ, ಅವ್ರನ್ನೂ ಬೀದೀಲಿ ಕೇಳ್ತಾರಾ?"

"ಅವರ ವಿಷಯ ಬೀದಿಗೆ ಬರೋದಿಲ್ಲಮ್ಮ. ದೊಡ್ಡೋರು ದೊಡ್ಡೋರನ್ನ ಕೇಳ್ತಾರೆ. ಗೊತ್ತಿರೋರು ಗೊತ್ತಿರೋರ ಹೆಸರು ಹೇಳ್ತಾರೆ. ಆಮೇಲೆ ದಿಲ್ಲಿ ತನಕ ಹೋಗಿ ಬರುತ್ತೆ."

"ಹಂಗಾದ್ರೆ ಅದೂ ಸಂಬಂಧ ನೋಡೋ ಹಂಗೇಯ," ಅಂದಳು ಅಜ್ಜಿ.

ಸೀನಿಯರ್‌ಗೆ ನಗುವಿನ ಜೊತೆ ಕೆಮ್ಮೂ ಬಂತು. ಅದು ನಿಲ್ಲುವ ತನಕ ಅಜ್ಜಿ ಕೋಣೆಯನ್ನು ನೋಡಿದಳು. ಜೂನಿಯರ್‌ಗಳ ಮೇಜುಗಳು ಕಿಟಕಿಯ ಕಡೆ ಒಂದೇ ಸಾಲಿನಲ್ಲಿದ್ದವು. ಒಂದು ಸಣ್ಣ ಮೇಜು ಮಾತ್ರ ಒಳಗಿನಿಂದ ಕಾಫಿ ತರುವ ಬಾಗಿಲ ಪಕ್ಕದಲ್ಲಿತ್ತು, ಅದರ ಮೇಲೆ ಅತ್ತೆಯ ಕೊಡೆ.

"ನನ್ ಮಗ್ಳು ಕೂರೋದು ಅಲ್ಲಾ?"

"ಕಕ್ಷಿದಾರರು ಬಂದು ಹೋಗ್ತಿರ್ತಾರಮ್ಮ, ಅವಳಿಗೇ ಮುಜುಗರ ಆಗಬಾರದು ಅಂತ," ಅಂದ ಅವರು ಕನ್ನಡಕ ಎತ್ತಿ ಹಾಕಿಕೊಂಡರು.

ಮುಂದಿನ ವಾರ ಆ ಮೇಜು ಸಾಲಿಗೆ ಬಂತು ಅಂತ ಬರೆದರೆ ಚೆನ್ನಾಗಿರುತ್ತದೆ. ಬರಲಿಲ್ಲ.

ಸಂದರ್ಶನದ ದಿನ ಅಜ್ಜಿ ಬೆಳಗಿನಿಂದ ಜಗಲಿ ಬಿಟ್ಟು ಏಳಲಿಲ್ಲ. ಅತ್ತೆ ಮಧ್ಯಾಹ್ನ ಬಸ್ಸಿಳಿದು ಬಂದವಳು, ಮೊದಲು ಊಟ ಹಾಕು ಅಂದಳು. ಅಜ್ಜಿ ಬಡಿಸಿದಳು, ಕೇಳಲಿಲ್ಲ. ತಟ್ಟೆ ಅರ್ಧ ಖಾಲಿಯಾದ ಮೇಲೆ ಅತ್ತೆಯೇ ಶುರುಮಾಡಿದಳು.

ಮೇಜಿನ ಆಚೆ ಮೂವರು ಕೂತಿದ್ದರಂತೆ. ಕಾನೂನಿನ ಪ್ರಶ್ನೆಗಳೆಲ್ಲ ಸುಲಭವಾಗಿ ಹೋದವು. ಆಮೇಲೆ ನಡುವೆ ಕೂತಿದ್ದ ಹಿರಿಯರು ಒಂದು ಕಾಗದ ನೋಡುತ್ತಾ, "ನಿಮ್ಮ ಬಗ್ಗೆ ಒಳ್ಳೇ ಅಭಿಪ್ರಾಯವೇ ಬಂದಿದೆ. ತುಂಬಾ ಒಳ್ಳೇದು. ಅದೇ ಯೋಚನೆ ಆಗಿರೋದು" ಅಂದರಂತೆ. ಮದುವೆಯಾದ ಮೇಲೆ ಕೆಲಸ ಬಿಡುತ್ತೀರಂತೆ, ಸ್ವಂತ ಅಭಿಪ್ರಾಯ ಇಟ್ಟುಕೊಳ್ಳುವವರಲ್ಲವಂತೆ, ಹೌದಾ ಅಂತ ಕೇಳಿದರಂತೆ.

"ನೀನ್ ಏನಂದೆ?" ಅಜ್ಜಿಯ ದನಿ ಸಣ್ಣಗಾಗಿತ್ತು.

"ಹೇಳಿದ್ದು ನಮ್ಮ ತಾಯಿ, ಗಂಡಿನ ಕಡೆಯೋರು ಬಂದಿದಾರೆ ಅಂದ್ಕೊಂಡು ಹೇಳಿದ್ದು ಅಂದೆ. ಯಾವ ವಿಷಯಕ್ಕೆ ಕೇಳ್ತಿದಾರೆ ಅಂತ್ಲೇ ಗೊತ್ತಿಲ್ದೆ ಸಾಕ್ಷಿ ಕೊಟ್ಟ ಉತ್ತರಕ್ಕೆ ಎಷ್ಟು ತೂಕ ಕೊಡ್ಬೇಕು ಅಂತ ತಮಗೇ ಗೊತ್ತು ಅಂದೆ."

"ಹಂಗಂದ್ಯಾ?"

"ಅಂದೆ."

ಮೂವರಲ್ಲಿ ಒಬ್ಬರು ನಕ್ಕರಂತೆ. ಹಿರಿಯರು ನಗಲಿಲ್ಲ. ಅದು ನಿಮ್ಮ ತಾಯಿಯ ವಿಷಯವಾಯಿತು, ನಿಮ್ಮ ಉತ್ತರ ಏನು ಅಂತ ಕೇಳಿದರಂತೆ.

"ಮದುವೆ ಆಗ್ಬೋದು, ಆಗ್ದೇನೂ ಇರ್ಬೋದು, ಕೆಲಸ ಬಿಡಲ್ಲ ಅಂದೆ. ಹೊರಗೆ ಕೂತಿರೋ ಗಂಡಸರಿಗೂ ಈ ಪ್ರಶ್ನೆ ಕೇಳ್ತೀರಾ ಸಾರ್ ಅಂತ್ಲೂ ಕೇಳ್ದೆ."

ಅಜ್ಜಿ ಹಣೆ ಮುಟ್ಟಿಕೊಂಡಳು. 

"ಕೊನೇಗೆ ಇನ್ನೊಂದು ಕೇಳಿದ್ರು. ನಿಮ್ಮ ದನಿ ಇಷ್ಟು ಮೆತ್ತಗಿದೆ, ಹಾಲ್‌ನಲ್ಲಿ ಗಲಾಟೆ ಆದ್ರೆ ಏನ್ಮಾಡ್ತೀರಿ ಅಂತ."

"ಏನ್ಮಾಡ್ತೀಯ?"

"ಕಾಯ್ತೀನಿ ಅಂದೆ." ಅತ್ತೆ ತಟ್ಟೆಯ ಅಂಚು ಬಳಿದುಕೊಂಡಳು. "ಇನ್ನು ನೀವು ಹೋಗ್ಬೋದು ಅಂದ್ರು. ಬಂದೆ."

ಆಮೇಲೆ ಕಾಯುವ ತಿಂಗಳುಗಳು. ಅತ್ತೆ ಏನೂ ಆಗದವಳ ಹಾಗೆ ಕೋರ್ಟಿಗೆ ಹೋಗಿ ಬರುತ್ತಿದ್ದಳು. ಅಜ್ಜಿ ಮಾತ್ರ ಬದಲಾಗಿಬಿಟ್ಟಳು. ಯಾರನ್ನೂ ಹೊಗಳುವ ಧೈರ್ಯವೇ ಅವಳಿಗೆ ಉಳಿಯಲಿಲ್ಲ. ಒಂದು ದಿನ ಸೈಕಲ್ ತಳ್ಳಿಕೊಂಡು ಒಬ್ಬ ಬಂದು, ಇಲ್ಲಿ ಬಾಡಿಗೆ ಮನೆ ಇದೆಯಾ ಅಂದ.

"ನೀವು ಗಂಡಿನ ಕಡೆಯೋರಾ, ಸರ್ಕಾರದ ಕಡೆಯೋರಾ? ಮೊದ್ಲು ಅದ್ ಹೇಳಿ," ಅಂದಳು ಅಜ್ಜಿ.

ಅವನು ಗಾಬರಿಯಾದ. ಪಾಪ, ಅವನಿಗೆ ನಿಜವಾಗಲೂ ಬಾಡಿಗೆ ಮನೆ ಬೇಕಾಗಿತ್ತು. ಬೂಟೂ ಇರಲಿಲ್ಲ, ಚಪ್ಪಲಿ. ಕೊನೆಗೆ ಬೀದಿ ಮೂಲೆಯ ಮನೆಯ ಹಿಂದಿನ ಕೋಣೆ ಅವನಿಗೆ ಸಿಕ್ಕಿತು, ಅಲ್ಲೇ ಎಷ್ಟೋ ವರ್ಷ ಇದ್ದ. ನಮ್ಮ ಮನೆ ಮುಂದೆ ಹಾದುಹೋಗುವಾಗಲೆಲ್ಲ, "ಅಮ್ಮಾ, ನಾನು ಬಾಡಿಗೆ ಕಡೆಯೋನು" ಅಂತ ಹೇಳಿಯೇ ಹೋಗುತ್ತಿದ್ದ.

ನೇಮಕದ ಆದೇಶ ಬಂತು. ಅತ್ತೆ ಅದನ್ನು ಒಂದು ಸಲ ಓದಿ ಅಪ್ಪನ ಕೈಗೆ ಕೊಟ್ಟು, ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಮಾರು ಹೊತ್ತು ಕೂತಿದ್ದಳು. ಅಜ್ಜಿ ಹತ್ತಿರ ಹೋಗಲಿಲ್ಲ, ಬಾಗಿಲಲ್ಲಿ ನಿಂತು ನೋಡಿದಳು. ಎದುರು ಮನೆಯಾಕೆ ಸಕ್ಕರೆ ಹಂಚಿದರು, ಆಕೆಯ ಯಜಮಾನರು ಮಾತ್ರ, "ಚರಂಡಿ ಕೇಸಿನಾಗ ನಾ ಸೋತಾಗನ ನನಗ ಗೊತ್ತಿತ್ತು" ಅಂದರು. ಹುಲಿ ಅನ್ನಿಸಿಕೊಂಡವನೂ ಆಯ್ಕೆಯಾದ, ಆ ಮಾತನ್ನೂ ಹೇಳಿಬಿಡಬೇಕು. ಅವನನ್ನು ಮದುವೆಯ ಬಗ್ಗೆ ಯಾರೂ ಕೇಳಿರಲಿಲ್ಲ.

ಅತ್ತೆಯನ್ನು ದೂರದ ಒಂದು ತಾಲ್ಲೂಕಿಗೆ ಹಾಕಿದರು. ಮನೆ ಹೂಡಿಕೊಡಲು ಅಜ್ಜಿ ಜೊತೆಗೆ ಹೋದಳು, ನನ್ನ ಸ್ಕೂಲಿನ ಪರೀಕ್ಷೆ ಮುಗಿದಿದ್ದರಿಂದ ನಾನೂ ಹೊರಟೆ. ಕೋರ್ಟು ನೋಡೋಣ ಬಾ ಅಂತ ನಾನು ಅಜ್ಜಿಯನ್ನು ಕರೆದೆ. ಒಲ್ಲೆ ಅಂದಳು. ಮಾರನೆಯ ದಿನವೂ ಒಲ್ಲೆ ಅಂದಳು. ಮೂರನೆಯ ದಿನ ತಾನೇ ಒಳ್ಳೆಯ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಹಿಂದಿನ ಬೆಂಚಿನಲ್ಲಿ ಕೂತೆವು. ಅತ್ತೆ ಮೇಲೆ ಕೂತಿದ್ದಳು, ಅದೇ ಅಗಲ ಭುಜದ ಕೋಟು. ನಮ್ಮನ್ನು ನೋಡಿದಳು, ಗುರುತಿದ್ದ ಹಾಗೆ ಮಾಡಲಿಲ್ಲ. ಸಾಕ್ಷಿ ಕಟ್ಟೆಯಲ್ಲಿ ಒಬ್ಬ ಕುರಿ ಕಾಯುವ ಮನುಷ್ಯ ನಿಂತಿದ್ದ. ಅವನಿಗೆ ಜಡ್ಜ್ ಯಾರು ಅಂತಲೇ ಗೊತ್ತಾಗಿರಲಿಲ್ಲ. ಗುಮಾಸ್ತರಿಗೆ ಕೈಮುಗಿದು, ಅವರ ಕಡೆ ತಿರುಗಿ, ಸ್ವಾಮಿ ಸ್ವಾಮಿ ಅಂತ ಹೇಳತೊಡಗಿದ. ವಕೀಲರೊಬ್ಬರು ಕಿಸಕ್ಕನೆ ನಕ್ಕರು, ಪಕ್ಕದವರೂ ನಕ್ಕರು, ನಗು ಹಿಂದಿನ ಸಾಲುಗಳಿಗೆ ಬಂತು. ಅಜ್ಜಿಯ ಕೈ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿಯಿತು.

ಅತ್ತೆ ಪೆನ್ನು ಕೆಳಗಿಟ್ಟಳು. ಮೇಜು ಕುಟ್ಟಲಿಲ್ಲ, ಏನೂ ಅನ್ನಲಿಲ್ಲ. ನಕ್ಕ ವಕೀಲರನ್ನು ನೋಡುತ್ತಾ ಸುಮ್ಮನೆ ಕೂತಳು. ನಗುತ್ತಿದ್ದವರಿಗೆ ಒಬ್ಬೊಬ್ಬರಾಗಿ ಅದು ಗೊತ್ತಾಯಿತು. ಕೊನೆಗೆ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಆಗ ಅವಳು, ಮನೆಯಲ್ಲಿ ಉಪ್ಪು ಕೇಳುವಷ್ಟು ಮೆಲ್ಲಗಿನ ದನಿಯಲ್ಲಿ ಹೇಳಿದಳು.

"ಈ ಕಡೆ ತಿರುಗಿ ಯಜಮಾನ್ರೇ. ನಂಗೆ ಹೇಳಿ. ನಿಧಾನವಾಗಿ ಹೇಳಿ."

ಅವಳ ಮಾತು ಕೇಳಿಸಿಕೊಳ್ಳಲು ಹಾಲ್ ಪೂರ್ತಿ ಮುಂದಕ್ಕೆ ಬಾಗಿತ್ತು.

ವಾಪಸ್ಸು ಬರುವ ಬಸ್ಸಿನಲ್ಲಿ ಅಜ್ಜಿ ಟಿಕೆಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಹೇಳಿದಳು. "ನಾನು ಪೂರ್ತಿ ಸುಳ್ಳೇನೂ ಹೇಳಿರ್ಲಿಲ್ಲ ಬಿಡು. ಗಟ್ಟಿಯಾಗಿ ಮಾತಾಡಲ್ಲ ನನ್ ಮಗ್ಳು."

ಮದುವೆ ಆಯಿತಾ ಅಂತ ಕಾಮೆಂಟಿನಲ್ಲಿ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಆಯಿತು, ತಡವಾಗಿ. ಕೋಟು ಗೂಟಕ್ಕೆ ಹೋಗಲಿಲ್ಲ.

ಈಗ ನಿಮ್ಮ ಸರದಿ. ನಿಮ್ಮ ಮನೆಯ ಹೆಣ್ಣುಮಗಳು ಯಾವುದೋ ಕೆಲಸಕ್ಕೆ ನಿಂತಾಗ, ನಿಮ್ಮ ಬೀದಿಯವರು ಅವಳ ಬಗ್ಗೆ ಏನು ಹೇಳಿದರು? ಹೊಗಳಿ ಕೆಡಿಸಿದರಾ, ಬೈದು ಉಳಿಸಿದರಾ? ನಿಮ್ಮ ಮನೆಯಿಂದ ಮೊದಲು ಕರಿಕೋಟು ಹಾಕಿದವರು ಯಾರು, ಅವರ ಮೇಜು ಯಾವ ಬಾಗಿಲ ಪಕ್ಕದಲ್ಲಿತ್ತು? ಹೆಸರು ಬೇಡ, ನಡೆದದ್ದು ನಡೆದ ಹಾಗೆ ಕೆಳಗೆ ಬರೆಯಿರಿ. ನಾನು ಕೂತು ಒಂದೊಂದನ್ನೂ ಓದುತ್ತೇನೆ.